ಓದುಗರ ಪ್ರಶ್ನೆ: ಬೆಳದಿಂಗಳಿಗೂ ಹಿಟ್ಲರ್‌ಗೂ ಏನ್ ಸಂಬಂಧ?

ಪ್ರಶ್ನೆ: ಸರ್, ನಾನು ಇಂಗ್ಲಿಷ್ ಎಂ.ಎ. ಓದ್ತಿದೀನಿ. ರೊಮ್ಯಾಂಟಿಕ್ ಅಂದ್ರೆ ಕಾಡು, ಬೆಟ್ಟ, ಬೆಳದಿಂಗಳು ಅಂದ್ಕೊಂಡಿದ್ದೆ. ಈಗ ಕ್ಲಾಸಲ್ಲಿ ನೋಡಿದ್ರೆ ಜರ್ಮನ್ ರೊಮ್ಯಾಂಟಿಕ್‌ಗಳಿಂದಾನೇ ರಾಷ್ಟ್ರವಾದ ಬಂತು, ಅದೇ ನಾಜಿಗಳ ತನಕ ಹೋಯ್ತು ಅಂತಾರೆ. ಹೌದಾ?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ಅಷ್ಟು ನೇರ ಇಲ್ಲಮ್ಮ, ಹಾಗಂತ ಸಂಬಂಧವೇ ಇಲ್ಲ ಅಂತ ಕೈ ತೊಳ್ಕೊಳ್ಳೋಕೂ ಆಗಲ್ಲ. ನಮಗೆ ಈ ರೊಮ್ಯಾಂಟಿಕ್ ಕಾವ್ಯ ಬಂದಿದ್ದು ಬಿ.ಎಂ.ಶ್ರೀ. ಅವರ ಇಂಗ್ಲಿಷ್ ಗೀತಗಳ ದಾರೀಲಿ, ಇಂಗ್ಲೆಂಡ್ ಕಡೆಯಿಂದ, ಹಾಗಾಗಿ ಜರ್ಮನಿಯ ಕತೆ ನಮ್ಮ ಕಣ್ಣಿಗೆ ಅಷ್ಟಾಗಿ ಬಿದ್ದಿಲ್ಲ.

ಬೆಳದಿಂಗಳು ಅಂದ್ರಲ್ಲ, ಅದನ್ನೇ ತಗೊಳ್ಳೋಣ. ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಖ್ ಅನ್ನೋ ಪೇಂಟರ್ 1819-20ರ ಹೊತ್ತಿಗೆ ಬಿಡಿಸಿದ ಒಂದು ಚಿತ್ರ ಡ್ರೆಸ್ಡೆನ್ ಮ್ಯೂಸಿಯಂನಲ್ಲಿದೆ, ನೆಟ್ಟಲ್ಲೂ ಸಿಗುತ್ತೆ. ಬೇರು ಮೇಲೆದ್ದು ವಾಲಿದ ಮರ, ಪಕ್ಕದಲ್ಲಿ ಇಬ್ಬರು ಗಂಡಸರು ನಮಗೆ ಬೆನ್ನು ಹಾಕಿ ಚಂದ್ರನ್ನ ನೋಡ್ತಾ ನಿಂತಿದಾರೆ, ಅಷ್ಟೇ. ಆದ್ರೆ ಅವರ ಬಟ್ಟೆ ಗಮನಿಸಿ. ನೆಪೋಲಿಯನ್ ವಿರುದ್ಧದ ಯುದ್ಧದ ಕಾಲದಲ್ಲಿ ಫ್ರೆಂಚ್ ಫ್ಯಾಷನ್‌ಗೆ ಸಡ್ಡು ಹೊಡೆಯೋಕೆ ಅಂತ ಯುವಕರು ಹಾಕೋಕೆ ಶುರು ಮಾಡಿದ 'ಹಳೇ ಜರ್ಮನ್' ಉಡುಪು ಅದು. 1819ರಲ್ಲಿ ಕಾರ್ಲ್ ಸ್ಯಾಂಡ್ ಅನ್ನೋ ರಾಷ್ಟ್ರವಾದಿ ವಿದ್ಯಾರ್ಥಿ, ಅಂಥೋರನ್ನ ಗೇಲಿ ಮಾಡ್ತಿದ್ದ ಕೊಟ್ಸೆಬ್ಯು ಅನ್ನೋ ನಾಟಕಕಾರನನ್ನ ಇರಿದು ಕೊಂದ, ಆಸ್ಟ್ರಿಯಾದ ಮಂತ್ರಿ ಮೆಟರ್ನಿಖ್ ಅದನ್ನೇ ನೆಪ ಮಾಡ್ಕೊಂಡು ಕಾರ್ಲ್ಸ್‌ಬಾಡ್ ಶಾಸನ ತಂದ, ಪತ್ರಿಕೆಗಳಿಗೆ ಸೆನ್ಸಾರ್, ಯೂನಿವರ್ಸಿಟಿಗಳ ಮೇಲೆ ಕಾವಲು, ಆ ಬಟ್ಟೆ ಹಾಕ್ಕೊಂಡು ಓಡಾಡೋರ ಮೇಲೂ ಪೊಲೀಸರಿಗೆ ಅನುಮಾನ. ಸ್ಟುಡಿಯೋಗೆ ಬಂದೋರ ಹತ್ರ ಫ್ರೀಡ್ರಿಖ್ ತಮಾಷೆ ಮಾಡಿದ್ನಂತೆ, ಇವರಿಬ್ಬರೂ ಪಿತೂರಿ ನಡೆಸ್ತಿದಾರೆ ಅಂತ. ಅಂದ್ರೆ ಆಗಿನ ರಾಜರಿಗೆ ರಾಷ್ಟ್ರವಾದಿ ಅಂದ್ರೆ ತಲೆನೋವು, ಬಾಲಬಡುಕ ಅಲ್ಲ.

ಇಷ್ಟೆಲ್ಲ ಭಾರ ಚಿತ್ರ, ಹಾಡಿನ ಮೇಲೆ ಯಾಕೆ ಬಿತ್ತು ಅಂದ್ರೆ, ಆಗ ಜರ್ಮನಿ ಅನ್ನೋ ದೇಶವೇ ಇರ್ಲಿಲ್ಲ, ಇದ್ದಿದ್ದು ಹತ್ತಾರು ಸಂಸ್ಥಾನಗಳು. ಫ್ರೆಂಚರಿಗೆ ರಾಷ್ಟ್ರ ತೋರಿಸೋಕೆ ಸಂವಿಧಾನ, ಸಭೆ ಇತ್ತು, ಇವರಿಗೆ ಭಾಷೆ, ಜನಪದ ಹಾಡು, ಕಾಡು, ಗಾಥಿಕ್ ಚರ್ಚು. ಇದಕ್ಕೆ ಬುನಾದಿ ಹಾಕಿದ ಹೆರ್ಡರ್ ಅನ್ನೋ ಜರ್ಮನ್ ಚಿಂತಕ 1778-79ರಲ್ಲಿ ತಂದ ಜನಪದ ಗೀತೆಗಳ ಸಂಗ್ರಹದಲ್ಲಿ ಜರ್ಮನ್ ಒಂದೇ ಅಲ್ಲ, ಲಿಥುವೇನಿಯಾ, ಎಸ್ಟೋನಿಯಾದ ಹಾಡುಗಳೂ ಇವೆ, ಒಂದೊಂದು ಜನಕ್ಕೂ ಅದರದೇ ದನಿ ಇದೆ ಅಂತ ಅವನ ವಾದ. 1806ರಲ್ಲಿ ಯೇನಾದಲ್ಲಿ ನೆಪೋಲಿಯನ್ ಆ ಸಂಸ್ಥಾನಗಳಲ್ಲೊಂದಾದ ಪ್ರಷ್ಯಾವನ್ನ ಮಣ್ಣುಮುಕ್ಕಿಸಿದ ಮೇಲೆ ಧಾಟಿ ಬದಲಾಯ್ತು. ಫ್ರೆಂಚ್ ಸೈನ್ಯ ಬರ್ಲಿನ್‌ನಲ್ಲಿ ಬೀಡುಬಿಟ್ಟಿರೋವಾಗ್ಲೇ ಫಿಖ್ಟೆ ಅನ್ನೋ ತತ್ವಜ್ಞಾನಿ 1807-08ರಲ್ಲಿ ಉಪನ್ಯಾಸ ಕೊಟ್ಟು, ಮೂಲ ಭಾಷೆ ಉಳಿಸ್ಕೊಂಡ ಜನ ನಾವು, ಉಳಿದೋರು ಕಳ್ಕೊಂಡೋರು ಅಂದ. ಸಮಾನರ ಸಾಲು ಹೋಗಿ ಏಣಿ ಬಂತು.

1817ರ ಅಕ್ಟೋಬರ್ 18ರಂದು ವಾರ್ಟ್‌ಬರ್ಗ್ ಕೋಟೆಯಲ್ಲಿ ಸೇರಿದ ವಿದ್ಯಾರ್ಥಿಗಳಲ್ಲಿ ಈ ರಾಷ್ಟ್ರವಾದದ ಎರಡೂ ಮುಖ ಒಟ್ಟಿಗೇ ಕಾಣುತ್ತೆ. ಸ್ವಾತಂತ್ರ್ಯ, ಏಕತೆ ಅಂತ ಭಾಷಣ ಆಯ್ತು. ರಾತ್ರಿ ಕೆಲವರು ರದ್ದಿ ಕಾಗದದ ಕಟ್ಟುಗಳ ಮೇಲೆ ಪುಸ್ತಕಗಳ ಹೆಸರು ಬರೆದು ಬೆಂಕಿಗೆ ಹಾಕಿದ್ರು (ಪುಸ್ತಕ ಕೊಳ್ಳೋಕೆ ದುಡ್ಡು ಯಾಕೆ ಖರ್ಚು ಅಂತಾನೋ ಏನೋ!). ಅದರಲ್ಲಿ ಸೌಲ್ ಆಶರ್ ಅನ್ನೋ ಯಹೂದಿ ಲೇಖಕನ ಪುಸ್ತಕವೂ ಇತ್ತು, ಅವನು ಬರೆದಿದ್ದೇ ಈ ಜರ್ಮನ್ ಹುಚ್ಚಿನ ಬಗ್ಗೆ. ನಾಜಿಗಳು ಮುಂದೆ ಫ್ರೀಡ್ರಿಖ್‌ನನ್ನೂ ನಮ್ಮವನೇ ಅಂತ ಎಳ್ಕೊಂಡ್ರು ನಿಜ, ಆದ್ರೆ ಅಷ್ಟಕ್ಕೇ ಬೆಳದಿಂಗಳಲ್ಲಿ ನಿಂತ ಆ ಇಬ್ಬರನ್ನ ನಾಜಿಗಳು ಅನ್ನೋಕೆ ನಾನಂತೂ ಒಪ್ಪಲ್ಲ. ಆಶರ್‌ನ ಹೆಸರು ಬರೆದು ಸುಟ್ಟೋರ ವಿಷಯಕ್ಕೆ ಬಂದ್ರೆ ಇಷ್ಟು ಧೈರ್ಯವಾಗಿ ಹೇಳೋಕಾಗಲ್ಲ.

ಪ್ರಶ್ನೆ: ಗ್ರಿಮ್ ಸಹೋದರರ ಕತೆ ಮೊಮ್ಮಕ್ಕಳಿಗೆ ಓದಿ ಹೇಳ್ತೀನಿ. ಅದರಲ್ಲೂ ರಾಷ್ಟ್ರವಾದ ಹುಡುಕ್ಬೇಕಾ?
— ನಿವೃತ್ತ ಬ್ಯಾಂಕ್ ನೌಕರ, ಹುಬ್ಬಳ್ಳಿ

ಉತ್ತರ: ಹುಡುಕೋದೇನ್ ಬೇಡ ಸರ್, ಎದುರಿಗೇ ಇದೆ. 1812ರಲ್ಲಿ ಮೊದಲ ಸಂಪುಟ ಬಂದಾಗ ಅವರಿದ್ದ ಕಾಸೆಲ್ ಊರನ್ನ ಆಳ್ತಿದ್ದೋನು ನೆಪೋಲಿಯನ್‌ನ ತಮ್ಮ ಜೆರೋಮ್, ಯಾಕೋಬ್ ಗ್ರಿಮ್‌ಗೆ ಸಂಬಳ ಬರ್ತಿದ್ದಿದ್ದು ಅದೇ ರಾಜನ ಲೈಬ್ರರಿ ಕೆಲಸದಿಂದ. ಮಜಾ ಏನಂದ್ರೆ, ಅಪ್ಪಟ ಜರ್ಮನ್ ಅಂತ ಕೂಡಿಸಿದ ಎಷ್ಟೋ ಕತೆ ಹೇಳಿದ್ದು ಹಾಸೆನ್‌ಫ್ಲುಗ್ ಮನೆಯ ಹೆಣ್ಮಕ್ಕಳು, ಅವರ ತಾಯಿ ಕಡೆಯೋರು ಫ್ರೆಂಚ್ ಮೂಲದೋರು! ಬೂಟು ಹಾಕ್ಕೊಂಡ ಬೆಕ್ಕಿನ ಕತೆ ಫ್ರೆಂಚ್ ಲೇಖಕ ಪೆರೋನ ಕತೆ ಥರಾನೇ ಇದೆ ಅಂತ ಮುಂದಿನ ಆವೃತ್ತಿಯಿಂದ ತೆಗೆದೇಬಿಟ್ರು.

ಹಾಗಂತ ಅಣ್ಣತಮ್ಮಂದಿರು ಆಳೋರ ಬಾಲ ಆಗಿರ್ಲಿಲ್ಲ. 1837ರಲ್ಲಿ ಹ್ಯಾನೋವರ್ ರಾಜ ಸಂವಿಧಾನ ರದ್ದು ಮಾಡಿದಾಗ ಪ್ರತಿಭಟಿಸಿದ ಗ್ಯೋಟಿಂಗನ್‌ನ ಏಳು ಪ್ರೊಫೆಸರ್‌ಗಳಲ್ಲಿ ಇಬ್ಬರೂ ಇದ್ರು, ಕೆಲಸ ಹೋಯ್ತು, ಯಾಕೋಬ್‌ನಂತೂ ರಾಜ್ಯದಿಂದ್ಲೇ ಹೊರಗೆ ಹಾಕಿದ್ರು. ಇಡೀ ಜರ್ಮನಿಗೆ ಒಂದು ಸಂವಿಧಾನ ಬರೆಯೋಕೆ ಸೇರಿದ್ದ 1848ರ ಫ್ರಾಂಕ್‌ಫರ್ಟ್ ಸಭೆಯಲ್ಲಿ, ಜರ್ಮನ್ ನೆಲಕ್ಕೆ ಬಂದು ನಿಂತ ಪರದೇಶದ ಗುಲಾಮನೂ ಸ್ವತಂತ್ರ ಅಂತ ಸಂವಿಧಾನದಲ್ಲಿ ಸೇರಿಸ್ಬೇಕು ಅಂತ ಅವನು ಪ್ರಸ್ತಾಪ ಇಟ್ಟ. ಸಭೆ ಒಪ್ಪಲಿಲ್ಲ. ಅದೇ ಯಾಕೋಬ್ ಡೆನ್ಮಾರ್ಕ್ ರಾಜನ ಕೈಲಿದ್ದ ಶ್ಲೆಸ್ವಿಗ್ ನಮ್ಮದು ಅಂತಲೂ ಪಟ್ಟು ಹಿಡಿದಿದ್ದ.

ಕತೆ ಧಾರಾಳವಾಗಿ ಓದಿ ಹೇಳಿ ಸರ್. 1812ರ ಆವೃತ್ತಿಯ ಅನುವಾದ ಕೈಗೆ ಸಿಕ್ರೆ ಮಾತ್ರ ಮೊದಲು ನೀವೊಂದ್ಸಲ ಕಣ್ಣಾಡಿಸಿ, ಸ್ನೋ ವೈಟ್‌ನ ಕೊಲ್ಲೋಕೆ ಹೊರಟೋಳು ಅದರಲ್ಲಿ ಮಲತಾಯಿ ಅಲ್ಲ, ಹೆತ್ತ ತಾಯಿನೇ.