ಛತ್ರಿಗಿಂತ ಮೊದಲು ಕಂಬ

ಪ್ರಶ್ನೆ: ಕೇಬಲ್ ನಡೆಸುತ್ತಿದ್ದ ನಮ್ಮ ನೆಂಟರು ಕೆಲಸ ನಿಲ್ಲಿಸುವಾಗ ಟಿ.ವಿ. ಸಿಗ್ನಲ್ ಹಿಡಿಯುವ ಎಂಟು ಅಡಿಯ ಛತ್ರಿಯೊಂದನ್ನು ನಮಗೆ ಕೊಟ್ಟರು. ಮನೆಯಲ್ಲಿರುವ ಸಣ್ಣ ಡಿಶ್‌ನಲ್ಲಿ ಜೋರು ಮಳೆ ಬಂದರೆ ಚಿತ್ರ ನಿಂತುಹೋಗುತ್ತದೆ, ಅದಕ್ಕೆ ದೊಡ್ಡದನ್ನು ಹಾಕಿಸುವ ಆಸೆ. ನಮ್ಮದು ತೊಲೆಗಳ ಮೇಲೆ ಫರಸಿ ಹಾಸಿದ ಹಳೆಯ ಮಾಳಿಗೆ ಮನೆ. ಮಾಳಿಗೆಯ ಮೇಲೆಯೇ ನಿಲ್ಲಿಸೋಣ ಎನ್ನುತ್ತಾರೆ ಯಜಮಾನರು. ಅಂಗಳದಲ್ಲಿ ಜಾಗವಿದೆ, ಆದರೆ ಬೇವಿನ ಮರವೂ ಇದೆ. ಮಾವನವರದು ಇನ್ನೊಂದು ಹಟ: ಛತ್ರಿಯ ಮುಖ ಪಡುವಣಕ್ಕಿರಬೇಕು, ತಾವು ಓದಿದ ಶಾಲೆಯ ಛತ್ರಿ ಹಾಗೆಯೇ ಇತ್ತು ಎಂದು. ಯಾರ ಮಾತು ಕೇಳಲಿ?
— ಓದುಗರು, ಜೇವರ್ಗಿ ತಾಲ್ಲೂಕು

ಉತ್ತರ: ತಂಗೀ, ಮೊದಲು ಮಾವನವರ ಮಾತು. ಅವರ ನೆನಪು ನಿಜ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ದೇಶದ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿ.ವಿ. ಬಂತು. ಕರ್ನಾಟಕದಲ್ಲಿ ಆ ಭಾಗ್ಯ ಸಿಕ್ಕಿದ್ದು ನಮ್ಮ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಗೆ. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯ, ಹತ್ತು ಅಡಿ ಅಗಲದ ಛತ್ರಿ ಅದು. ಆಗ ಕಾರ್ಯಕ್ರಮ ಕಳುಹಿಸುತ್ತಿದ್ದ ಎಟಿಎಸ್-6 ಉಪಗ್ರಹ 35 ಡಿಗ್ರಿ ಪೂರ್ವ ರೇಖಾಂಶದಲ್ಲಿತ್ತು, ಅಂದರೆ ನಮಗೆ ಬಹಳ ಪಡುವಣಕ್ಕೆ. ಈಗ ನಿಮಗೆ ಬೇಕಾದದ್ದು ಆ ಕಡೆ ಇಲ್ಲ. ದೂರದರ್ಶನಕ್ಕೆ ಹಳೆಯ ನಂಟಿರುವ 93.5 ಡಿಗ್ರಿ ಪೂರ್ವದ ಸ್ಥಾನ ನಮ್ಮ ಭಾಗದಿಂದ ಸರಿಯಾಗಿ ಆಗ್ನೇಯಕ್ಕೆ, ನೆಲದಿಂದ ಸುಮಾರು 62 ಡಿಗ್ರಿ ಎತ್ತರದಲ್ಲಿದೆ. ಮಾವನವರಿಗೆ ಇದನ್ನು ಹೇಳಿ, ಒಪ್ಪುತ್ತಾರೆ. ಆ ಪ್ರಯೋಗವನ್ನು ಕಣ್ಣಾರೆ ಕಂಡವರು ಅವರು. ಅವರ ಬಾಯಿಂದ ಅದನ್ನೆಲ್ಲ ಕೇಳಿ ಮಕ್ಕಳ ಕೈಯಲ್ಲಿ ಬರೆಸಿಡಿ.

ಇನ್ನು ಮಾಳಿಗೆ. ದಯವಿಟ್ಟು ಬೇಡ. ಛತ್ರಿಯ ಭಾರ ನನಗೆ ಚಿಂತೆಯಲ್ಲ, ಚಿಂತೆ ಗಾಳಿಯದು. ಎಂಟು ಅಡಿಯ ಗಟ್ಟಿ ತಗಡಿನ ಛತ್ರಿ ಗಂಟೆಗೆ ನೂರು ಕಿಲೋಮೀಟರ್ ವೇಗದ ಗಾಳಿಗೆ ಎದುರಾಗಿ ನಿಂತರೆ ಅದರ ಮೇಲೆ ಬೀಳುವ ಒತ್ತಡ ಎರಡೂವರೆ ಕ್ವಿಂಟಲ್‌ಗೂ ಹೆಚ್ಚು. ನಮ್ಮಲ್ಲಿ ಛತ್ರಿ ಆಕಾಶ ನೋಡುತ್ತ ಮಲಗಿರುವುದರಿಂದ ಗಾಳಿ ಅಂಚಿನಡಿ ಹೊಕ್ಕು ಮೇಲಕ್ಕೆತ್ತಲು ನೋಡುತ್ತದೆ. ಮೇ ತಿಂಗಳ ಸಂಜೆಯ ಬಿರುಗಾಳಿ ತಗಡಿನ ಛಾವಣಿಗಳನ್ನು ಏನು ಮಾಡುತ್ತದೆಂದು ನೀವೇ ಕಂಡಿದ್ದೀರಿ. ಫರಸಿಗೆ ಬೋಲ್ಟ್ ಹಾಕಿದರೆ ಕಲ್ಲು ಸೀಳುತ್ತದೆ; ಮುಂದಿನ ಮಳೆಗಾಲಕ್ಕೆ ಸೋರಿಕೆ ತಪ್ಪಿದ್ದಲ್ಲ.

ಅಂಗಳವೇ ಸರಿ. ಆದರೆ ಜೇವರ್ಗಿ ಸೀಮೆ ಎರೆಮಣ್ಣಿನದು, ಇಲ್ಲಿ ನನ್ನದೊಂದು ತಪ್ಪನ್ನು ಹೇಳಲೇಬೇಕು. ಕಸುಬಿಗೆ ಇಳಿದ ಹೊಸತರಲ್ಲಿ, ಏಪ್ರಿಲ್‌ನಲ್ಲಿ, ಒಬ್ಬ ನಿವೃತ್ತ ಮಾಸ್ತರರ ಅಂಗಳದಲ್ಲಿ ಕಂಬ ಹೂಳಿದೆ. ನೆಲದ ಬಿರುಕಿನಲ್ಲಿ ನನ್ನ ಅಂಗೈ ಪೂರ್ತಿ ಇಳಿಯುತ್ತಿತ್ತು. ಎರಡೇ ಅಡಿ ಆಳ ತೋಡಿ ಕಾಂಕ್ರೀಟು ಸುರಿದೆ. ಚಿತ್ರ ಗಾಜಿನಂತೆ ಬಂತು. ಮಾಸ್ತರರು ಚಹಾ ಕುಡಿಸಿ, ಹೇಳಿದ್ದಕ್ಕಿಂತ ಹೆಚ್ಚೇ ಹಣ ಕೊಟ್ಟು ಕಳುಹಿಸಿದರು. ಆಗಸ್ಟ್‌ನಲ್ಲಿ ಕರೆ ಬಂತು: ಒಂದು ವಾಹಿನಿಯೂ ಇಲ್ಲ. ಹೋಗಿ ತೂಕಗುಂಡು ಇಳಿಬಿಟ್ಟು ನೋಡಿದರೆ ಕಂಬದ ತುದಿ ಎರಡು ಇಂಚು ವಾಲಿತ್ತು. ಮಳೆ ಕುಡಿದ ಎರೆಮಣ್ಣು ಹಿಗ್ಗಿ ಕಾಂಕ್ರೀಟಿನ ಗಡ್ಡೆಯನ್ನೇ ಒಂದು ಕಡೆಯಿಂದ ಎತ್ತಿತ್ತು. ಐದು ಅಡಿ ಕಂಬದ ತುದಿ ಒಂದು ಇಂಚು ವಾಲಿದರೆ ಒಂದು ಡಿಗ್ರಿ. ಎಂಟು ಅಡಿಯ ಛತ್ರಿಯ ನೋಟ, ದೊಡ್ಡ ಛತ್ರಿಗಳು ಹಿಡಿಯುವ ಸಿ ಬ್ಯಾಂಡ್ ಅಲೆಗಳಲ್ಲಿ, ಎರಡು ಡಿಗ್ರಿಯಷ್ಟೇ ಅಗಲ, ನಡುವಿನಿಂದ ಒಂದು ಡಿಗ್ರಿ ಸರಿದರೆ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಆ ಕಂಬವನ್ನು ಕಿತ್ತು, ನನ್ನದೇ ಖರ್ಚಿನಲ್ಲಿ ಮತ್ತೆ ಹೂಳಿದೆ. ಮಾಸ್ತರರು ಒಂದು ಮಾತೂ ಆಡಲಿಲ್ಲ. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಹಾಗಾಗಿ ಗುಂಡಿಯನ್ನು ಎರೆಮಣ್ಣು ದಾಟಿ ಗರಸು ಸಿಗುವವರೆಗೆ ತೋಡಿಸಿ, ನಾಲ್ಕು ಅಡಿಯಾದರೂ ಸರಿ, ಐದಾದರೂ ಸರಿ. ತಳ ಅಗಲವಾಗಿರಲಿ. ಬಾಯಿ ಅಗಲ, ತಳ ಕಿರಿದು ಮಾಡಿದರೆ ಹಿಗ್ಗುವ ಮಣ್ಣು ಅದನ್ನು ಹಲ್ಲು ಕಿತ್ತಂತೆ ಮೇಲೆತ್ತುತ್ತದೆ. ಕಂಬದ ಕಾಲಿಗೆ ಅಡ್ಡಪಟ್ಟಿ ಬೆಸುಗೆ ಹಾಕಿಸಿ, ಇಲ್ಲವಾದರೆ ಗಾಳಿಗೆ ತಿರುಗುತ್ತದೆ. ಕಾಂಕ್ರೀಟು ಹಸಿಯಿರುವಾಗಲೇ ಗೌಂಡಿಯಿಂದ ತೂಕಗುಂಡನ್ನು ಎರಡು ಬದಿಗೆ ಹಿಡಿಸಿ ನೋಡಿ, ಒಂದು ವಾರ ನೀರುಣಿಸಿ, ಆಮೇಲಷ್ಟೇ ಛತ್ರಿ ಏರಿಸಿ. ಕಂಬಕ್ಕೆ ಅರ್ಥಿಂಗ್ ಕೊಡಿಸಿ. ನಮ್ಮ ಕಡೆಯ ಸಿಡಿಲು ಸಣ್ಣದಲ್ಲ. ವಿದ್ಯುತ್ ತಂತಿಯ ಹತ್ತಿರವಂತೂ ಛತ್ರಿ ಎತ್ತಲೇಬೇಡಿ.

ಹಳೆಯ ಛತ್ರಿ ಸೊಟ್ಟಗಾಗಿದೆಯೇ ಎಂದು ತಿಳಿಯಲು ಅದನ್ನು ಅಂಗಾತ ಮಲಗಿಸಿ, ಅಂಚಿನಿಂದ ಅಂಚಿಗೆ ಎರಡು ದಾರಗಳನ್ನು ಅಡ್ಡಡ್ಡ ಬಿಗಿದು ಕಟ್ಟಿ. ನಡುವೆ ಎರಡೂ ದಾರ ಒಂದನ್ನೊಂದು ಮುಟ್ಟಿದರೆ ಸರಿ, ಬೆರಳು ತೂರುವಷ್ಟು ಅಂತರವಿದ್ದರೆ ಚೌಕಟ್ಟು ತಿರುಚಿದೆ ಎಂದರ್ಥ. ಅದೇ ದಾರದಿಂದ ತಳದವರೆಗೆ ಆಳ ಅಳೆಯಿರಿ. ಅಗಲ 240 ಸೆಂಟಿಮೀಟರ್, ಆಳ 40 ಇದ್ದರೆ, ಅಗಲದ ವರ್ಗವನ್ನು ಆಳದ ಹದಿನಾರು ಪಟ್ಟಿನಿಂದ ಭಾಗಿಸಿ: 90 ಬರುತ್ತದೆ. ಛತ್ರಿಯ ಮುಂದೆ ನಿಂತು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಯ ಬಾಯಿ ತಳದಿಂದ ಅಷ್ಟು ಸೆಂಟಿಮೀಟರ್ ದೂರದಲ್ಲಿರಬೇಕು. ದಿಕ್ಸೂಚಿ ನೋಡುವಾಗ ಕಬ್ಬಿಣದ ಕಂಬದಿಂದ ದೂರ ನಿಲ್ಲಿ.

ಬೇವಿನ ಮರವನ್ನು ಕಡಿಯುವ ಮಾತು ಈಗಲೇ ಬೇಡ. ಅಕ್ಟೋಬರ್ ಮೊದಲ ದಿನಗಳಲ್ಲಿ, ಇಲ್ಲವೇ ಮಾರ್ಚ್ ಎರಡನೆಯ ವಾರದ ಕೊನೆಗೆ, ಬೆಳಗ್ಗೆ ಹನ್ನೊಂದರ ಸುಮಾರಿಗೆ ಸೂರ್ಯ ಆ 93.5 ಡಿಗ್ರಿಯ ಜಾಗದಲ್ಲೇ ಇರುತ್ತಾನೆ. ಆಗ ಅಂಗಳದಲ್ಲಿ ಎಲ್ಲಿ ಬಿಸಿಲಿದೆಯೋ ಅಲ್ಲಿ ಸಿಗ್ನಲ್ಲೂ ಇದೆ. ನೆರಳು ಬಿದ್ದರೆ ಕಂಬವನ್ನು ಸರಿಸಿ; ಮರ ಇರಲಿ.

ಒಂದು ಮಾತು ಸ್ಪಷ್ಟವಿರಲಿ. ಸಿ ಬ್ಯಾಂಡ್‌ನ ಅಲೆ ಏಳೂವರೆ ಸೆಂಟಿಮೀಟರ್‌ನಷ್ಟು ಉದ್ದ, ಸಣ್ಣ ಡಿಶ್‌ನ ಕೆಯು ಬ್ಯಾಂಡ್ ಅಲೆ ಎರಡೂವರೆಯ ಆಸುಪಾಸು. ಮಳೆಹನಿಗಳಿಗೆ ಹೆಚ್ಚು ಸಿಕ್ಕಿಬೀಳುವುದು ಗಿಡ್ಡ ಅಲೆ. ಅದಕ್ಕೇ ದೊಡ್ಡ ಛತ್ರಿ ಮಳೆಯಲ್ಲಿ ನಿಲ್ಲುತ್ತದೆ. ಆದರೆ ಸಿಗುವುದು ಬೀಗ ಹಾಕದ ಉಚಿತ ವಾಹಿನಿಗಳು ಮಾತ್ರ. ಹಣ ಕೊಟ್ಟು ನೋಡುವ ವಾಹಿನಿಗಳನ್ನು ಛತ್ರಿ ಎಷ್ಟು ದೊಡ್ಡದಾದರೂ ತೆರೆಯಲಾಗದು. ಸಣ್ಣ ಡಿಶ್‌ನ ಎಲ್‌ಎನ್‌ಬಿ ಇದಕ್ಕೆ ಬರುವುದಿಲ್ಲ, ಸಿ ಬ್ಯಾಂಡ್‌ನದೇ ಬೇಕು. ಬರೀ ಡಿಡಿ ಫ್ರೀ ಡಿಶ್ ಸಾಕೆನ್ನುವುದಾದರೆ ಇಷ್ಟು ಖರ್ಚು ಮಾಡಬೇಡಿ, ಸಣ್ಣದೇ ಸಾಕು.

ಪ್ರಶ್ನೆ: ವರ್ಷಕ್ಕೆರಡು ಬಾರಿ, ಕೆಲವು ದಿನ, ಅದೇ ಹೊತ್ತಿಗೆ ಕೆಲವು ನಿಮಿಷ ಚಿತ್ರ ಹೋಗಿ ತಾನೇ ಬರುತ್ತದೆ. ಎಲ್‌ಎನ್‌ಬಿ ಬದಲಿಸಲೇ?
— ಓದುಗರು, ಬಸವಕಲ್ಯಾಣ

ಉತ್ತರ: ಬೇಡ. ಮೇಲೆ ಹೇಳಿದ ಸೂರ್ಯನೇ ಕಾರಣ. ಉಪಗ್ರಹದ ಹಿಂದೆ ಅವನು ಬಂದಾಗ ಅವನ ರೇಡಿಯೊ ಸದ್ದಿನಲ್ಲಿ ಸಿಗ್ನಲ್ ಮುಳುಗುತ್ತದೆ. ಆ ನಿಮಿಷಗಳಲ್ಲಿ ಹೊರಗೆ ಹೋಗಿ ಛತ್ರಿ ನೋಡಿ: ಎಲ್‌ಎನ್‌ಬಿಯ ನೆರಳು ಸರಿಯಾಗಿ ನಡುಮಧ್ಯೆ ಬಿದ್ದಿದ್ದರೆ ನಿಮ್ಮ ಛತ್ರಿಯನ್ನು ನಿಲ್ಲಿಸಿದವರು ಒಳ್ಳೆಯ ಕೆಲಸಗಾರರು.

ಪ್ರಶ್ನೆ: ದೀಪಾವಳಿಯ ನಂತರ ಸಿಗ್ನಲ್ ದಿನೇ ದಿನೇ ಇಳಿಯುತ್ತಿದೆ. ಛತ್ರಿ ಅಲುಗಿಲ್ಲ, ಕೇಬಲ್ ಹೊಸದು.
— ಓದುಗರು, ಸುರಪುರ

ಉತ್ತರ: ರಿಸೀವರ್ ಆರಿಸಿ, ಏಣಿ ಹಾಕಿ, ಎಲ್‌ಎನ್‌ಬಿಯ ಬಾಯಿಯೊಳಗೆ ನೋಡಿ. ಕಣಜದ ಹುಳು ಮಣ್ಣಿನ ಗೂಡು ಕಟ್ಟಿರಬಹುದು. ಮರದ ಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ, ಒಳಗಿನ ಸಣ್ಣ ಲೋಹದ ಕಡ್ಡಿಗೆ ತಾಗಿಸಬೇಡಿ, ಪ್ಲಾಸ್ಟಿಕ್ ಮುಚ್ಚಳ ಹಾಕಿಬಿಡಿ.