ಜನ ಬಂದ್ರೂ ಪೋರ್ಟ್ರೇಟ್ ಮಾರಾಟ ಆಗ್ತಿಲ್ಲ ಅಂದ್ರೆ

ಚಾರಿಟಿಗೆ ಅಂತ ಪ್ರದರ್ಶನದಲ್ಲಿ 40 ಪೋರ್ಟ್ರೇಟ್ (ಜನರ ಮುಖಚಿತ್ರ) ಮಾರಾಟಕ್ಕೆ ಹಾಕಿದ್ರೂ ಮೊದಲ ದಿನ ಮೂರೇ ಹೋಯ್ತು ಅಂದ್ರಲ್ಲ, ಚಿತ್ರದಲ್ಲೇನೂ ತಪ್ಪಿರಲ್ಲ, ಗುರುತಿಲ್ಲದವರ ಮುಖಾನ ಹೆಚ್ಚಿನವರು ತಮ್ಮನೆ ಗೋಡೆಗೆ ಹಾಕ್ಕೊಳ್ಳಲ್ಲ ಅಷ್ಟೇ. ಕೊಳ್ಳೋರು ಬಹುತೇಕ ಚಿತ್ರದಲ್ಲಿರೋರು, ಇಲ್ಲಾ ಅವರ ಮನೆಯವರು. ನಾವು ಮಾಡಿದಾಗ್ಲೂ ಇದೇ ಆಗಿತ್ತು.

ಇವತ್ತೇ ಚಿತ್ರಕ್ಕೆ ಕೂತಿದ್ದ ಎಲ್ರಿಗೂ ಅವರವರ ಚಿತ್ರದ ಫೋಟೋ ಕಳಿಸಿ, ನಾಳೆ ಸಂಜೆವರೆಗೆ ನಿಮಗೇ ಮೊದಲ ಅವಕಾಶ, ಆಮೇಲೆ ಬೇರೆಯವರಿಗೆ ಕೊಡ್ತೀವಿ ಅಂತ ಹೇಳಿ, ಹಾಗೇ ಪ್ರಿಂಟ್ ತೆಗೆದು ಮಾರೋ ಯೋಚನೆ ಇದ್ರೆ ಅವರದ್ದೂ ಕಲಾವಿದರದ್ದೂ ಒಪ್ಪಿಗೆ ಬರಹದಲ್ಲೇ ತಗೊಳ್ಳಿ (ಚಿತ್ರ ಕೈಗೆ ಬಂದ ಮಾತ್ರಕ್ಕೆ ಅದರ ಪ್ರತಿ ತೆಗೆಯೋ ಹಕ್ಕು, ಅಂದ್ರೆ ಕಾಪಿರೈಟ್, ಬರಲ್ಲ, ತುಂಬಾ ಜನ ಮರೀತಾರೆ). ಆಮೇಲೆ ಉಳಿದಿದ್ದರ ಕೆಳಗೆ ಬಿಡ್ ಹಾಳೆ (ಬೇಕಾದವ್ರು ತಮ್ಮ ಹೆಸರು, ಕೊಡೋ ಮೊತ್ತ ಬರೆಯೋ ಹರಾಜಿನ ಹಾಳೆ) ಅಂಟಿಸಿ, ಕನಿಷ್ಠ ಮೊತ್ತ, ಎಷ್ಟೆಷ್ಟು ಏರಿಸ್ಬೇಕು, ಯಾವಾಗ ಮುಗಿಯುತ್ತೆ ಅನ್ನೋದು ಮೇಲ್ಗಡೆ ಬರೆದಿರ್ಲಿ. ಫ್ರೇಮ್ ಖರ್ಚು ಕಳೆದು ಚಾರಿಟಿಗೆ ಹೋಗೋದೆಷ್ಟು ಅಂತ ಬಾಗಿಲಲ್ಲೇ ದೊಡ್ಡದಾಗಿ ಹಾಕಿ, ಪಕ್ಕದಲ್ಲೊಂದು ಡಬ್ಬಿ, ಕ್ಯೂಆರ್ ಕೋಡ್. ಚಿತ್ರ ಬೇಡದವ್ರೂ ಅಲ್ಲಿ ಹಾಕ್ತಾರೆ.

ಬೆಲೆ ಜಾಸ್ತಿ ಆಯ್ತಾ ಅಂದ್ರೆ ಇರಬಹುದು, ನೋಡದೆ ಹೇಳೋಕಾಗಲ್ಲ, ಆದ್ರೆ ಈಗ್ಲೇ ಇಳಿಸ್ಬೇಡಿ, ಮೊದಲ ದಿನ ಕೊಂಡವರಿಗೆ ಬೇಜಾರಾಗುತ್ತೆ.