‘ಮಗಳ ಹಾಗೆ’ ಅಂದವರಿಗೆ ಹೊತ್ತಾಯಿತು ಅಂತ ಹೇಳೋದು ಹೇಗೆ?

ಪ್ರಶ್ನೆ: ನಾನು ಡೊಂಬಿವಲಿಯವಳು, ವಯಸ್ಸು 43. ಮುಂಬೈಯ ಮಾಟುಂಗಾದಲ್ಲಿ ಒಬ್ಬ ರಾಯರ ಮನೆಗೆ ದಿನಾ ಹತ್ತರಿಂದ ಎರಡರವರೆಗೆ ಜೊತೆಗಿರಲು ಹೋಗುತ್ತೇನೆ. ಅಡುಗೆಯವಳಲ್ಲ, ನರ್ಸೂ ಅಲ್ಲ. ‘ಕರ್ನಾಟಕ ಮಲ್ಲ’ ಪೇಪರ್ ಓದಿ ಹೇಳುವುದು, ಫೈವ್ ಗಾರ್ಡನ್ಸ್ ಕಡೆ ವಾಕಿಂಗ್, ಬ್ಯಾಂಕು, ಡಾಕ್ಟರು, ಮಾತುಕತೆ. ಅವರಿಗೆ 78. ಹೆಂಡತಿ ತೀರಿಕೊಂಡಿದ್ದಾರೆ. ಮಗ ಪುಣೆಯಲ್ಲಿ, ಸಂಬಳ ಕೊಡುವುದು ಆ ಮಗನೇ. ‘ನೀನು ಮಗಳ ಹಾಗೆ’ ಅನ್ನುತ್ತಾರೆ ರಾಯರು. ಆದರೆ ಈಗೀಗ ನಾನು ಹೊರಡುವ ಹೊತ್ತಿಗೆ ಸರಿಯಾಗಿ ‘ಒಂದು ಲೋಟ ಕಾಫಿ ಮಾಡಮ್ಮ’ ಅಂತಾರೆ. ರಾತ್ರಿ ಹನ್ನೊಂದಕ್ಕೆ ಫೋನ್. ಮನೆಯಲ್ಲಿ ಕೂತಾಗಲೂ ಕೈ ಹಿಡಿದುಕೊಳ್ಳುತ್ತಾರೆ, ನನಗೆ ಮುಜುಗರ. ಮಗಳ ಫೀಸಿಗೆ ಸಾಲ ಕೊಡ್ತೀನಿ, ಮಗನಿಗೆ ಹೇಳಬೇಡ ಅಂದಿದ್ದಾರೆ. ಕೆಟ್ಟವರಲ್ಲ. ಏನು ಮಾಡಲಿ?

ಉತ್ತರ: ಮೊದಲು ಕಾಫಿ. ಆ ಲೋಟ ಖಾಲಿಯಾಗುವವರೆಗಾದರೂ ನೀವು ಇರುತ್ತೀರಲ್ಲ, ಅದಕ್ಕೇ ಕೇಳುತ್ತಾರೆ. ಅತ್ತ ನಿಮಗೆ ಲೋಕಲ್ ರೈಲು ತಪ್ಪುತ್ತದೆ. ಮಗಳು ಮನೆಗೆ ಬಂದರೂ ನೀವಿನ್ನೂ ಥಾಣೆ ಊರು ದಾಟಿರುವುದಿಲ್ಲ. ನಾಳೆಯಿಂದ ಒಂದೂವರೆಗೇ ಕಾಫಿ ಮಾಡಿ, ಇಬ್ಬರೂ ಕೂತು ಕುಡಿಯಿರಿ. ಕುಡಿಯುತ್ತಲೇ ‘ರಾಯರೇ, ಎರಡಕ್ಕೆ ಹೊರಡ್ತೀನಿ, ನಾಳೆ ಹತ್ತಕ್ಕೆ ಬರ್ತೀನಿ’ ಅನ್ನಿ. ಒಂಟಿ ಜೀವಕ್ಕೆ ಹೊರಡುವ ಮಾತಿನ ಜೊತೆಗೇ ಬರುವ ಮಾತೂ ಕೇಳಿಸಬೇಕು.

ಫೋನ್ ಎತ್ತದೆ ಸುಮ್ನೆ ಇದ್ದುಬಿಡುವುದು ಅವರಿಗೆ ಅವಮಾನ. ರಾತ್ರಿ ಎತ್ತೋದಿಲ್ಲ ಅಂತ ಎದುರಿಗೇ ಹೇಳಿ. ತುರ್ತಿಗೆ 108, ಮನಸ್ಸು ಭಾರವಾದರೆ ಟೆಲಿ ಮಾನಸ್ ಸಹಾಯವಾಣಿಯ 14416. ಎರಡನ್ನೂ ದಪ್ಪ ಅಕ್ಷರದಲ್ಲಿ ಬರೆದು ಹಾಸಿಗೆ ಪಕ್ಕ ಅಂಟಿಸಿ. ದಿನಾ ರಾತ್ರಿ ಒಂಬತ್ತಕ್ಕೆ ಅಪ್ಪನಿಗೆ ಫೋನ್ ಮಾಡಿ ಅಂತ ಮಗನಿಗೂ ಹೇಳಿ. ಸಂಬಳ ಕೊಟ್ಟ ಮಾತ್ರಕ್ಕೆ ಆ ಕೆಲಸವೂ ನಿಮ್ಮ ತಲೆಗೆ ಬರುವುದಿಲ್ಲ, ಅಲ್ವಾ?

ಕೈ ಹಿಡಿಯುವ ವಿಷಯ. ಕಿಂಗ್ಸ್ ಸರ್ಕಲ್‌ನಲ್ಲಿ ರಸ್ತೆ ದಾಟುವಾಗ ಹಿಡಿದರೆ ಅದು ನಿಮ್ಮ ಕೆಲಸ. ಸೋಫಾದ ಮೇಲೆ ನಿಮಗೆ ಮುಜುಗರವಾದರೆ, ಅವರ ಮನಸ್ಸಿನಲ್ಲಿ ಏನಿತ್ತು ಅಂತ ಲೆಕ್ಕ ಹಾಕುತ್ತಾ ಕೂರಬೇಡಿ. ಕೈ ಬಿಡಿಸಿಕೊಂಡು, ‘ಇದು ನನಗೆ ಸರಿ ಹೋಗಲ್ಲ ರಾಯರೇ’ ಅನ್ನಿ. ದನಿ ಏರಿಸಬೇಕಿಲ್ಲ, ನಗುವುದೂ ಬೇಡ. ನಕ್ಕರೆ ಮಾತು ತೇಲಿಹೋಗುತ್ತದೆ. ಮತ್ತೆ ಆದರೆ ಅವತ್ತೇ ಮಗನಿಗೆ ತಿಳಿಸಿ. ಆಮೇಲೂ ನಿಲ್ಲದಿದ್ದರೆ ಕೆಲಸ ಬಿಡಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಮನೆಯೂ ಕೆಲಸದ ಜಾಗವೇ. ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು. ನಿಮ್ಮ ಪತ್ರ ನೋಡಿದರೆ ಅಲ್ಲಿಯವರೆಗೆ ಹೋಗಲಿಕ್ಕಿಲ್ಲ ಅನ್ನಿಸುತ್ತದೆ. ಆದರೂ ಗೊತ್ತಿರಲಿ.

ಸಾಲ ಬೇಡವೇ ಬೇಡ. ‘ಮಗನಿಗೆ ಹೇಳಬೇಡ’ ಅಂದರಲ್ಲ, ನನಗೆ ದಿಗಿಲಾದದ್ದು ಅಲ್ಲೇ. ಅವರ ದುಡ್ಡು ಕೈಗೆ ಬಂದ ಮೇಲೆ ಎರಡು ಗಂಟೆಗೆ ಎದ್ದು ಬರಲು ನಿಮ್ಮ ಕಾಲೇ ಏಳುವುದಿಲ್ಲ. ನಾಳೆ ಬೀರುವಿನಲ್ಲಿ ಏನಾದರೂ ಕಾಣದಿದ್ದರೆ ಮೊದಲು ಬರುವುದು ನಿಮ್ಮ ಹೆಸರೇ. ಎಟಿಎಂ ಪಿನ್ ಕೇಳಿಸಿಕೊಳ್ಳಲೂ ಬೇಡಿ. ಔಷಧಿ, ಟ್ಯಾಕ್ಸಿ ಖರ್ಚನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದು, ಬಿಲ್ ಇದ್ದರೆ ಪಿನ್ ಹಾಕಿಡಿ.

ಇದನ್ನು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮರ್ಯಾದೆ ಅವರಿಗೂ ಬೇಕು. ರಾಯರ ಮನೆಯ ಸಂಗತಿ ರೈಲಿನ ಲೇಡೀಸ್ ಡಬ್ಬಿಯಲ್ಲಿ ಕಥೆಯಾಗಬಾರದು, ಅವರ ಫೋಟೋ ನಿಮ್ಮ ಸ್ಟೇಟಸ್‌ಗೆ ಹೋಗಬಾರದು. ಸಕ್ಕರೆ ಡಬ್ಬಿ ಕಸಿದುಕೊಂಡು ಮಗುವಿಗೆ ಗದರಿದ ಹಾಗೆ ಗದರುವವರನ್ನು ತುಂಬಾ ನೋಡಿದ್ದೇನೆ. ಡಾಕ್ಟರ ಹತ್ತಿರವೂ ಅವರ ಮಾತು ಮುಗಿಯಲಿ, ಆಮೇಲೆ ನೀವು ಬಾಯಿ ತೆರೆಯಿರಿ.

2022ರಲ್ಲಿ ರತನ್ ಟಾಟಾ ಹಣ ಹಾಕಿದ, ಹಿರಿಯರಿಗೆ ಜೊತೆಗಾರರನ್ನು ಕಳಿಸುವ ಗುಡ್‌ಫೆಲೋಸ್ ಕಂಪನಿ ಮುಂಬೈಯಲ್ಲಿ ಶುರುವಾದ ಮೇಲೆ, ದುಡ್ಡು ಕೊಟ್ಟು ಹಿರಿಯರಿಗೆ ಜೊತೆ ಹುಡುಕುವುದು ವಿಚಿತ್ರ ಅನ್ನಿಸುತ್ತಿಲ್ಲ. ನಿಮ್ಮ ವಿಷಯದಲ್ಲಿ ಎಲ್ಲವೂ ಬಾಯಿಮಾತು. ಒಂದು ಹಾಳೆ ತಗೊಳ್ಳಿ. ಹೊತ್ತು, ಕೆಲಸ, ರಜೆ, ಹೆಚ್ಚು ಹೊತ್ತು ನಿಂತರೆ ಗಂಟೆಗೆ ಎಷ್ಟು ಅಂತ ಕನ್ನಡದಲ್ಲೇ ಬರೆಯಿರಿ. ಮೊದಲು ರಾಯರಿಗೆ ಓದಿ ಹೇಳಿ ಅವರ ಸಹಿ ಹಾಕಿಸಿ. ಪುಣೆಗೆ ಫೋಟೋ ಕಳಿಸುವುದು ಆಮೇಲೆ.